ಲಿಫ್ಟಿನ ಪರದೆಗೆ ಮಾತು ಬಂದದ್ದು

ನಾವಿರುವ ಕಟ್ಟಡದ ಲಿಫ್ಟಿಗೆ ಹೊಸ ಪರದೆ ಕೂರಿಸಿದ ವಾರದಲ್ಲೇ ನನ್ನ ಅಪ್ಪ ಮಹಡಿ ತಪ್ಪಿ ಇಳಿದು, ಯಾರದೋ ಮನೆಯ ಕರೆಗಂಟೆ ಒತ್ತಿ, ಬಾಗಿಲು ತೆರೆದವರನ್ನೇ "ಯಾರ್ರೀ ನೀವು? ನಮ್ಮನೇಲಿ ಏನ್ ಮಾಡ್ತಿದೀರಿ?" ಎಂದು ಗದರಿಸಿಬಿಟ್ಟರು. ನಮ್ಮ ಮನೆ ಇರುವುದು ಏಳನೆಯ ಮಹಡಿಯಲ್ಲಿ. ಅಪ್ಪ ಇಳಿದದ್ದು ಐದನೆಯದರಲ್ಲಿ. ಗದರಿಸಿಕೊಂಡವರು ಬಹಳ ಕಾಲ ಕನ್ನಡಕದ ಅಂಗಡಿ ನಡೆಸಿ, ಈಚೆಗೆ ಅದನ್ನು ಮುಚ್ಚಿ ಮನೆಯಲ್ಲಿ ಒಬ್ಬರೇ ಇರುವ ಹಿರಿಯ ಹೆಂಗಸು. ಬೇರೆ ಯಾರಾದರೂ ಆಗಿದ್ದರೆ ಮುಖದ ಮೇಲೆ ಬಾಗಿಲು ಬಡಿಯುತ್ತಿದ್ದರು. ಆಕೆ ಅಪ್ಪನ ಮೂಗಿನ ಮೇಲಿದ್ದ ಕನ್ನಡಕವನ್ನೇ ದಿಟ್ಟಿಸಿ, "ಒಳಗೆ ಬನ್ನಿ, ಎಡಗಡೆ ಕಡ್ಡಿ ಸೊಟ್ಟಗಾಗಿದೆ, ನೋಡೋಕಾಗ್ತಿಲ್ಲ ನಂಗೆ" ಎಂದರಂತೆ.

ಆ ಪರದೆ ನಮ್ಮ ಕಂಪನಿಯದು. ಹೊಸ ಮಾಲನ್ನು ಪರೀಕ್ಷೆಗೆ ಎಲ್ಲಿ ಹಾಕೋಣ ಎಂಬ ಮಾತು ಬಂದಾಗ, "ನಮ್ಮ ಕಟ್ಟಡದಲ್ಲೇ ಹಾಕಿ, ಕಣ್ಣೆದುರೇ ಇರುತ್ತೆ" ಎಂದು ಮುಂದೆ ಬಿದ್ದವಳು ನಾನೇ. ಮೊದಲು ಅಲ್ಲಿ ಕೆಂಪು ಗೆರೆಗಳಲ್ಲಿ ಮಹಡಿಯ ಸಂಖ್ಯೆ ತೋರಿಸುವ ಹಳೇ ಡಬ್ಬಿಯೊಂದಿತ್ತು. ಅದನ್ನು ಕಿತ್ತು ಬಣ್ಣದ ಪರದೆ ಹಾಕಿದೆವು. ದೊಡ್ಡ ಸಂಖ್ಯೆ, ಏರುವ ಇಳಿಯುವ ಬಾಣ, ಹೊರಗೆ ಬಿಸಿಲೋ ಮೋಡವೋ ಎನ್ನುವುದು, ಎಲ್ಲ ಅದರಲ್ಲಿ ಬರಬೇಕು. ಬೆಳಗಿನ ಹೊತ್ತು ಬರುತ್ತಲೂ ಇತ್ತು. ಸಂಜೆಯಾದರೆ ಮಾತ್ರ ಒರೆಸಿಟ್ಟ ಕಪ್ಪು ಹಲಗೆಯ ಹಾಗೆ ನಿಂತುಬಿಡುತ್ತಿತ್ತು.

ಲಿಫ್ಟಿನೊಳಗಿದ್ದವರಿಗೆ ಮಹಡಿ ಯಾವುದೆಂದು ತಿಳಿಯದಿದ್ದರೆ ಏನೇನಾಗುತ್ತದೆ ಎಂದು ಆ ದಿನಗಳಲ್ಲಿ ನೋಡಬೇಕಿತ್ತು. ನಮ್ಮಲ್ಲಿ ಎಲ್ಲ ಮಹಡಿಗೂ ಒಂದೇ ಬಣ್ಣದ ಗೋಡೆ, ಒಂದೇ ಥರದ ಬಾಗಿಲು, ಅದರ ಮೇಲೆ ಯಾರೂ ಗಮನಿಸದಷ್ಟು ಸಣ್ಣ ನಂಬರು, ಬಾಗಿಲ ಮುಂದೆ ಒಂದೇ ಅಂಗಡಿಯಿಂದ ತಂದ ಕಂದು ಕಾಲೊರಸು. ನಡುವೆ ಯಾರೋ ಗುಂಡಿ ಒತ್ತಿ ಲಿಫ್ಟ್ ನಿಂತರೆ, ಒಳಗಿದ್ದವರು ತಮ್ಮ ಮಹಡಿಯೇ ಬಂತೆಂದು ಇಳಿದು ನಡೆದೇಬಿಡುತ್ತಿದ್ದರು. ಮೂರನೆಯ ಮಹಡಿಯ ದಂತವೈದ್ಯರು ನಾಲ್ಕನೆಯ ಮಹಡಿಯ ಬೀಗಕ್ಕೆ ತಮ್ಮ ಕೀಲಿಕೈ ತುರುಕಿ, ತಿರುಗಿಸಿ, ಅದನ್ನು ಅಲ್ಲೇ ಮುರಿದರು. ಹಲ್ಲು ಕೀಳುವವರ ಕೈಯ ಬಲ ಎಂಥದೆಂದು ಆವತ್ತು ಗೊತ್ತಾಯಿತು.

ಕಟ್ಟಡದ ಸಂಘದ ಕಾರ್ಯದರ್ಶಿ ಎರಡನೆಯ ಮಹಡಿಯವರು. ನನ್ನನ್ನು ಕಂಡಲ್ಲೆಲ್ಲ ಹಿಡಿದು ನಿಲ್ಲಿಸುತ್ತಿದ್ದರು.

"ಏನಮ್ಮಾ, ನಿಮ್ಮ ಟೀವಿ ಇವತ್ತೂ ಮಲಗಿದೆ."

"ಅದು ಟೀವಿ ಅಲ್ಲ ಸಾರ್."

"ಟೀವಿ ಆಗಿದ್ರೆ ಕಪಾಳಕ್ಕೊಂದು ಬಾರಿಸಿದ್ರೆ ಆದ್ರೂ ಏಳ್ತಿತ್ತು. ನೋಡಿ, ಹಳೇ ಡಬ್ಬಿ ನಾನು ಎಸೆದಿಲ್ಲ. ನಮ್ಮ ಮಂಚದ ಕೆಳಗೇ ಇದೆ. ಆ ಮಾತು ನೆನಪಿರ್ಲಿ."

ಬರೀ ಬೆದರಿಸಿ ಸುಮ್ಮನಿರುವ ಆಸಾಮಿಯಲ್ಲ. ಲಿಫ್ಟಿನ ಗುಂಡಿಗಳ ಕೆಳಗೆ ಮೆಕ್ಯಾನಿಕ್‌ಗೆಂದು ಬಿಟ್ಟಿರುವ ಸಣ್ಣ ತೂತೊಂದಿದೆ. ಅದರೊಳಗೆ ಪರದೆಯನ್ನು ಆರಿಸಿ ಮತ್ತೆ ಹೊಸದಾಗಿ ಎಬ್ಬಿಸುವ ರಿಸೆಟ್ ಗುಂಡಿ. ಅದನ್ನು ಕಂಡುಹಿಡಿದು, ಹೋಗುತ್ತ ಬರುತ್ತ ಪಿನ್ನು ಹಾಕಿ ಚುಚ್ಚತೊಡಗಿದರು. ಹಾಗೆ ಚುಚ್ಚಿದಾಗೆಲ್ಲ, ಬೆಳಗ್ಗೆ ನೆಟ್ಟಗಿದ್ದ ಪರದೆಯೂ ಕಪ್ಪಾಗುತ್ತಿತ್ತು. ಇದನ್ನು ಇಡೀ ಕಟ್ಟಡವೇ ನೋಡಿತ್ತು.

ಆಫೀಸಿನಲ್ಲಿ ನನ್ನ ಎದುರು ಮೇಜಿನವನ ಅಡ್ಡಹೆಸರು ಯಾಕಪ್ಪ. ನಾವು ಬರೆದದ್ದನ್ನೆಲ್ಲ ಓದಿ ಒಪ್ಪಿಗೆ ಕೊಡುವುದು ಅವನ ಕೆಲಸ. ಒಪ್ಪಿಗೆಗೆ ಮುಂಚೆ ಸಾಲುಸಾಲಿಗೂ "ಯಾಕೆ?" ಎಂದು ಕೇಳುವುದು ಅವನ ಚಟ. ಮನೆಯಲ್ಲಿ ಟೀ ಕೊಟ್ಟರೂ ಯಾಕೆ ಎಂದು ಕೇಳಿಯೇ ಕುಡಿಯುತ್ತಾನೆ ಎಂದು ಅವನ ಹೆಂಡತಿಯೇ ನಮಗೆ ಹೇಳಿದ್ದಾಳೆ. ಅವನ ಜೊತೆ ಕೂತು ಆ ಪರದೆಯ ಹೊಟ್ಟೆಯೊಳಗೆ ಇಣುಕಿ ನೋಡಿದೆ.

ಪರದೆಯ ಹಿಂದೆ ಒಂದು ಚಿಪ್ ಇರುತ್ತದೆ. ಬಲು ಮರೆಗುಳಿ. ಮಲಗಿ ಎದ್ದರೆ ತನ್ನ ಕೆಲಸವೇನೆಂಬುದೇ ಅದಕ್ಕೆ ನೆನಪಿರುವುದಿಲ್ಲ. ಎದ್ದಾಗಲೆಲ್ಲ ಫರ್ಮ್‌ವೇರ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ಅದರ ತಲೆಗೆ ತುಂಬಬೇಕು. ಫರ್ಮ್‌ವೇರ್ ಇರುವುದು ಪಕ್ಕದ ಮೆಮೊರಿ ಕಾರ್ಡಿನಲ್ಲಿ. ಅದನ್ನು ಕಾರ್ಡಿನಿಂದ ತಂದು ಚಿಪ್‌ಗೆ ತಲುಪಿಸುವುದು ಡ್ರೈವರ್‌ನ ಜವಾಬ್ದಾರಿ. ಡ್ರೈವರ್ ಕೂಡ ಒಂದು ಪ್ರೋಗ್ರಾಮೇ. ಅದನ್ನು ತಿದ್ದಿ ತೀಡುವುದು ನನ್ನ ಹೊಟ್ಟೆಪಾಡು. ಮಧ್ಯಾಹ್ನ ಯಾರೂ ಓಡಾಡದ ಹೊತ್ತಿನಲ್ಲಿ ಕರೆಂಟು ಉಳಿಸಲೆಂದು ಚಿಪ್ಪೂ ಕಾರ್ಡೂ ಎರಡೂ ಮಲಗುತ್ತವೆ. ಸಂಜೆ ಯಾರಾದರೂ ಲಿಫ್ಟ್ ಹತ್ತಿದ ಕೂಡಲೆ ಚಿಪ್ ದಡಕ್ಕನೆ ಏಳುತ್ತದೆ. ಕಾರ್ಡು ಸೋಮಾರಿ, ಮೈಮುರಿದುಕೊಂಡು ನಿಧಾನಕ್ಕೆ ಏಳುತ್ತದೆ. ರಿಸೆಟ್ ಚುಚ್ಚಿದಾಗಲೂ ಇದೇ ಕತೆ. ಡ್ರೈವರ್ ಹೋಗಿ ಕಾರ್ಡಿನ ಮುಂದೆ ಒಂದೇ ಒಂದು ಸಲ ಕೈಚಾಚಿ, ಉತ್ತರ ಬರದಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿತ್ತು.

ಅದಾದರೂ ಹೋಗಲಿ. ಹಿಂದಿರುಗಿ ಬಂದು ಮೇಲಿನವರಿಗೆ ಕೊಡುತ್ತಿದ್ದ ವರದಿ ಏನು ಗೊತ್ತೇ? ಎಲ್ಲ ಸರಿಯಾಗಿದೆ! ಆ ಮಾತು ನಂಬಿ ಮಿಕ್ಕ ಪ್ರೋಗ್ರಾಮುಗಳು ಬಾಣ, ಬಿಸಿಲು, ಮೋಡ ಎಂದು ಬಣ್ಣಬಣ್ಣದ ಚಿತ್ರಗಳನ್ನು ಆ ಕತ್ತಲೆಗೆ ಸುರಿಯುತ್ತ ಕೂತಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಆಗದಿದ್ದರೆ ಸಹಿಸಿಕೊಂಡೇನು. ಆಗದ್ದನ್ನು ಆಯಿತು ಎನ್ನುವವರನ್ನು ಕಂಡರೆ ನನಗಾಗುವುದಿಲ್ಲ, ಮನುಷ್ಯರಾದರೂ ಅಷ್ಟೆ, ಪ್ರೋಗ್ರಾಮಾದರೂ ಅಷ್ಟೆ. ಆ ಸಾಲು ಬರೆದ ಪುಣ್ಯಾತ್ಮ ಎಂದೋ ಕೆಲಸ ಬಿಟ್ಟು ಹೋಗಿದ್ದ. ಎಲ್ಲಿದ್ದರೂ ಅವನಿಗೆ ಬಿಕ್ಕಳಿಕೆ ಬರುವಷ್ಟು ಬೈದು, ಡ್ರೈವರನ್ನು ಹೊಸದಾಗಿ ಬರೆಯಲು ಕೂತೆ.

ಇತ್ತ ಮನೆಯಲ್ಲಿ ಅಪ್ಪ ಮಹಡಿ ತಪ್ಪುವುದು ನಡೆದೇ ಇತ್ತು.

ಅಪ್ಪ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಆಫೀಸಿಗೆ ಹೋದರೆ ಅವರಿಗೆ ಮಾತಿಗೆ ಸಿಗುವುದು ಫ್ರಿಜ್ಜಿನ ಗುರ್ ಗುರ್ ಒಂದೇ. ಬಣ್ಣದ ಪೆಟ್ಟಿಗೆ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಎರಡು ಮಾತಿಗೆ ಒಂದು "ಹೂಂ", ಮೂರು ಮಾತಿಗೆ ಒಂದು "ಹೂಂಹೂಂ". ಅಂಥವರು ಈಗ ಸಂಜೆಯ ವಾಕಿಂಗ್ ಮುಗಿಸಿ, ಐದನೆಯ ಮಹಡಿಯಲ್ಲಿ "ತಪ್ಪಿ" ಇಳಿದು, ಊಟದ ಹೊತ್ತಿಗೆ ಸೀಟಿ ಹೊಡೆಯುತ್ತ ಏಳನೆಯ ಮಹಡಿಗೆ ಬರುತ್ತಿದ್ದರು.

"ಇವತ್ತೂ ತಪ್ಪಿತಾ ಅಪ್ಪಾ?"

"ಏನ್ ಮಾಡ್ಲೇ, ನಿಮ್ಮ ಕಂಪನಿ ಪರದೆ ಹಾಗಿದೆ" ಎನ್ನುತ್ತ ನನ್ನ ಮೇಲೆಯೇ ಗೂಬೆ ಕೂರಿಸುತ್ತಿದ್ದರು.

ಐದನೆಯ ಮಹಡಿಯ ಆ ಕನ್ನಡಕದ ಆಂಟಿಯ ಮನೆಯಲ್ಲಿ, ತುಂಡು ಜೋಡಿಸಿ ಚಿತ್ರ ಮಾಡುವ, ಊಟದ ಮೇಜಿನಷ್ಟು ದೊಡ್ಡದೊಂದು ಪಝಲ್ ಹರಡಿತ್ತಂತೆ. ಅಂಗಡಿ ಮುಚ್ಚಿದ ದಿನ ಕೆಲಸದ ಹುಡುಗಿಯರು ಆಂಟಿಗೆ ಕೊಟ್ಟ ಉಡುಗೊರೆ. ಕೆಳಗೊಂದು ಕೆರೆ, ಕೆರೆಯಲ್ಲೊಂದು ದೋಣಿ, ಮೇಲೆಲ್ಲ ಬರೀ ಆಕಾಶ. ಕೆರೆ ದೋಣಿಯನ್ನು ಆಂಟಿ ಒಬ್ಬರೇ ಜೋಡಿಸಿದ್ದರು. ಆಕಾಶದ ಮುಂದೆ ಕೈಯೆತ್ತಿದ್ದರು, ಎಲ್ಲ ತುಂಡೂ ಒಂದೇ ನೀಲಿ. "ಒಂದೇ ಅಲ್ಲ ಮೇಡಂ, ಇದರಲ್ಲಿ ಸ್ವಲ್ಪ ಹಸಿರಿದೆ, ಅದರಲ್ಲಿ ಬೂದಿ ಇದೆ" ಎಂದು ಅಪ್ಪ ಮೊದಲ ದಿನವೇ ಮೂಗು ತೂರಿಸಿದ್ದರು. ಅಂದಿನಿಂದ ಆಕಾಶ ಅವರ ಪಾಲಿಗೆ ಬಂತು. ಊಟ ಮಾಡುವಾಗಲೂ ಅದೇ ಮಾತು. ಇಂದು ಮೋಡದ ಅಂಚು ಸಿಕ್ಕಿತು, ನಾಳೆ ಬಲಮೂಲೆ ಹಿಡಿಯಬೇಕು. ಕೇಳುತ್ತ ನನಗೆ ಖುಷಿಯಾಗುತ್ತಿತ್ತು. ಆದರೆ ನನ್ನ ತಲೆಯೆಲ್ಲ ಕಾರ್ಡು ಚಿಪ್ಪುಗಳಲ್ಲಿತ್ತು. ಆ ಸೀಟಿ ಯಾವ ಕತ್ತಲೆಯಿಂದ ಹುಟ್ಟುತ್ತಿದೆ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ.

ಹೊಸ ಡ್ರೈವರ್ ಬರೆದು ಮುಗಿಸಿದೆ. ಹೇಳಿಕೊಳ್ಳುವುದೇನು ಬಂತು, ಚೆನ್ನಾಗಿ ಬರೆದಿದ್ದೆ. ಕಾರ್ಡು ಏಳದಿದ್ದರೆ ತಾಳ್ಮೆಯಿಂದ ಕಾದು ಮತ್ತೆ ಕೇಳುತ್ತದೆ. ಫರ್ಮ್‌ವೇರ್ ಸಿಕ್ಕಿದರೂ ಅದು ಇಡಿಯಾಗಿದೆಯೋ ಅರ್ಧಂಬರ್ಧವೋ ಎಂದು ನೋಡಿಯೇ ಚಿಪ್‌ಗೆ ಕೊಡುತ್ತದೆ. ನಡುವೆ ಕೆಲಸ ಕೆಟ್ಟರೆ ಅಲ್ಲಿಯವರೆಗೆ ಬಳಕೆಗೆ ತೆಗೆದುಕೊಂಡಿದ್ದ ಸಲಕರಣೆಗಳನ್ನೆಲ್ಲ, ಕೊನೆಯದರಿಂದ ಶುರುಮಾಡಿ ಒಂದೊಂದಾಗಿ ಹಿಂದಕ್ಕೆ ಇಡುತ್ತದೆ. ಮುಂದಿನ ಸಲ ಬಂದವರು ಎಡವಬಾರದು. ಫರ್ಮ್‌ವೇರ್ ಸಿಗಲೇ ಇಲ್ಲ ಎನ್ನಿ, ಆಗಲೂ ಕಪ್ಪಾಗುವುದಿಲ್ಲ. ಚಿಪ್‌ಗೆ ಹುಟ್ಟಿನಿಂದಲೇ ಬರುವ ಬೋಳು ಅಂಕಿಗಳಿವೆ, ಅವುಗಳಲ್ಲಿ ಮಹಡಿಯ ಸಂಖ್ಯೆ ಬರೆದು, ಕೆಳಗೆ ಏನು ತೊಂದರೆಯಾಯಿತು ಎಂಬುದನ್ನು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳುತ್ತದೆ. ಮುಚ್ಚುಮರೆಯ ಮಾತೇ ಇಲ್ಲ.

ಯಾಕಪ್ಪ ಎಲ್ಲ ಸಾಲುಗಳನ್ನೂ ದಾಟಿ ಬಂದು ಒಂದು ಕಡೆ ನಿಂತ.

"ಇದ್ಯಾಕೆ? 'ರಿಸೆಟ್ ಗುಂಡಿಯನ್ನು ಯಾರೋ ಒತ್ತಿದ್ದಾರೆ. ದಯವಿಟ್ಟು ಒತ್ತಬೇಡಿ.' ಬರೀ 'ರಿಸೆಟ್ ಆಗಿದೆ' ಅಂದ್ರೆ ಸಾಲ್ದಾ?"

"ಸಾಲಲ್ಲ. ಅದು ತಾನಾಗೇ ಆಗಿಲ್ಲವಲ್ಲ, ಒತ್ತಿದ್ದಾರೆ."

"ಒಂದು ಸುತ್ತು ಲಿಫ್ಟ್ ಓಡಾಡೋವರೆಗೂ ಸಂದೇಶ ಅಳಿಸಿಹೋಗಬಾರದು ಅಂತ ಬೇರೆ ಬರೆದಿದೀಯ. ಯಾಕೆ?"

"ಒತ್ತಿದವರಿಗೆ ಸ್ವಲ್ಪ ನಾಚಿಕೆ ಆಗಲಿ ಅಂತ."

"ಯಾರಿಗೆ?"

"ನಮ್ಮ ಕಾರ್ಯದರ್ಶಿಗೆ."

ಯಾಕಪ್ಪ ತುಸು ಯೋಚಿಸಿದ. "ಒತ್ತೋರು ಅವರೊಬ್ಬರೇ ಅಂತ ಡ್ರೈವರ್‌ಗೆ ಹೇಗೆ ಗೊತ್ತು?" ಎಂದ. ನಾನು ಕಣ್ಣು ಕೆಂಪಗೆ ಮಾಡಿದೆ. ಒಪ್ಪಿಗೆ ಕೊಟ್ಟ.

ಹೊಸ ಡ್ರೈವರ್ ಹಾಕಿದ ಸಂಜೆ ಕಾರ್ಯದರ್ಶಿ ಸುಮ್ಮನೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದರು. ಕೊನೆಗೆ ಹೊರಗೆ ಬಂದು, "ಪರವಾಗಿಲ್ಲ ಕಣಮ್ಮಾ, ಕಲ್ತಿದೀರಿ" ಎಂದರು. ದಂತವೈದ್ಯರು ಕೈಕುಲುಕಿ ಬೆರಳು ನೋಯಿಸಿದರು. ನಾನು ಹಿಗ್ಗುತ್ತ ಮನೆಗೆ ಬಂದರೆ ಅಪ್ಪ ಆಗಲೇ ಬಂದು ಕೂತಿದ್ದರು. ಕೈಯಲ್ಲಿ ಬೆಳಗಿನ ಪೇಪರ್. ಬೆಳಗ್ಗೆಯೇ ಓದಿ ಮುಗಿಸಿದ್ದ ಪುಟ.

"ಏನಪ್ಪಾ ಬೇಗ ಬಂದ್ಬಿಟ್ರಿ?"

"ಏಳು ಅಂತ ದೊಡ್ಡದಾಗಿ ಬಂತಲ್ಲ, ಇಳ್ದೆ" ಎಂದರು. ಪುಟ ತಿರುವಿ, "ಚೆನ್ನಾಗಿ ಮಾಡಿದೀಯ" ಎಂದು ಸೇರಿಸಿದರು.

ಅಪ್ಪ ಯಾವತ್ತೂ ಅಷ್ಟು ಸಪ್ಪಗೆ ನನ್ನ ಬೆನ್ನು ತಟ್ಟಿದವರಲ್ಲ. ಮರುದಿನವೂ ಪೇಪರ್, ಅದರ ಮರುದಿನವೂ ಪೇಪರ್. ಸೀಟಿ ನಿಂತಿತು. ಹೂಂಗಳು ಒಂದೊಂದಾಗಿ ಮನೆಗೆ ವಾಪಸ್ಸು ಬಂದವು. ಇಷ್ಟು ದಿನ ಅಪ್ಪನ ಕೈಯಲ್ಲಿದ್ದ ಒಂದೇ ಒಂದು ನೆಪವನ್ನು ನಾನು, ಹೆತ್ತ ಮಗಳು, ಮೆಚ್ಚುಗೆ ಗಿಟ್ಟಿಸಿಕೊಂಡು ಕಿತ್ತು ಹಾಕಿದ್ದೆ. ಅಪ್ಪ ಮತ್ತೆ ಆ ಫ್ರಿಜ್ಜಿನ ಜೊತೆಗೇ ಉಳಿದುಬಿಟ್ಟರೆ ಎಂದು ನನಗೆ ನಿಜವಾಗಿ ಭಯವಾಯಿತು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. "ಆಂಟಿ ಮನೆಗೆ ಹೋಗಿ ಬನ್ನಿ ಅಪ್ಪಾ. ಆಕಾಶ ಅರ್ಧಕ್ಕೇ ನಿಂತಿದೆಯಲ್ಲ."

"ಏನಂತ ಹೋಗ್ಲಿ?"

"ಬಂದೆ ಅಂತ ಹೋಗಿ."

"ಹಾಗೆಲ್ಲ ಆಗುತ್ತೇನೇ? ತಪ್ಪಿ ಹೋಗೋದು ಬೇರೆ. ಬೇಕು ಅಂತ ಹೋಗೋದು ಬೇರೆ. ಒಬ್ಬರೇ ಇರೋ ಹೆಂಗಸು, ಕರೀದೇ ಹೋಗಿ ಬಾಗಿಲು ತಟ್ಟಿದ್ರೆ ಏನಂದ್ಕೋತಾರೆ? ಬೇಕಿದ್ರೆ ಅವರೇ ಕರೀತಿದ್ರು."

ಅಪ್ಪ ಜೀವಮಾನವೆಲ್ಲ ಮಕ್ಕಳಿಗೆ ನೇರ ಗೆರೆ ಎಳೆಯುವುದನ್ನು ಕಲಿಸಿದವರು. ತಾವೇ ಎಳೆದುಕೊಂಡ ಗೆರೆ ದಾಟುವುದು ಅವರಿಂದಾಗದ ಮಾತು. ಆಂಟಿಯನ್ನೇ ಕೇಳೋಣವೆಂದರೆ, ಮಗಳು ಹೋಗಿ ಶಿಫಾರಸು ಮಾಡಿದಳೆಂದು ತಿಳಿದರೆ ಅಪ್ಪ ನಾಚಿಕೆಗೆ ಆ ಮಹಡಿಯನ್ನೇ ಮರೆತಾರು.

ಮರುದಿನ ಯಾಕಪ್ಪನ ಮುಂದೆ ಮೆಲ್ಲಗೆ ವಿಷಯ ತೆಗೆದೆ. "ಸಂಜೆ ಹೊತ್ತು ಸ್ವಲ್ಪ ಕಾಲ ಪರದೆ ಕಪ್ಪಾಗೋ ಹಾಗೆ ಮಾಡಿದ್ರೆ ಹೇಗೆ?"

"ಯಾಕೆ?"

ಎಲ್ಲ ಹೇಳಿದೆ. ಅಪ್ಪ, ಆಕಾಶ, ಸೀಟಿ, ಪೇಪರ್. ಯಾಕಪ್ಪ ಟೀ ಲೋಟ ಹಿಡಿದುಕೊಂಡು ಕೇಳಿದ, ಒಂದೇ ಒಂದು ಸಲವೂ ಯಾಕೆ ಎನ್ನಲಿಲ್ಲ. ಕೊನೆಗೆ, "ಇನ್ನೊಬ್ಬ ಯಾರದೋ ಕೀಲಿಕೈ ಮುರಿದರೆ ಏನ್ ಹೇಳ್ತೀಯ? ಎಲ್ಲ ಸರಿಯಾಗಿದೆ ಅಂತೀಯಾ?" ಎಂದ. ಬೇಕೆಂದೇ ಸುಳ್ಳು ಹೇಳುವ ಡ್ರೈವರ್ ಬರೆಯಲು ನನ್ನ ಕೈಗೆ ಬರುವುದೇ ಇಲ್ಲ, ಅಪ್ಪನಿಗಾಗಿಯೂ ಬರುವುದಿಲ್ಲ ಎಂದು ತಿಳಿದು ನನ್ನ ಮೇಲೆಯೇ ಸಿಟ್ಟು ಬಂತು.

ಆ ವಾರವೇ ಕಾರ್ಯದರ್ಶಿ ಗೇಟಿನಲ್ಲಿ ಅಡ್ಡ ಹಾಕಿದರು.

"ನಿಮ್ಮ ಪರದೆ ದಿನಾ ಸಂಜೆ ಬೈತಾ ಇದೆಯಲ್ಲಮ್ಮಾ! ಯಾರೋ ಒತ್ತಿದ್ದಾರೆ, ಒತ್ತಬೇಡಿ ಅಂತ. ನಾನು ಬಿಟ್ಟು ಎಷ್ಟೋ ದಿನ ಆಯ್ತು. ನನ್ನಾಣೆ, ನಾನಲ್ಲ. ಯಾರು ಅಂತ ಹಿಡೀತೀನಿ. ಹಿಡಿದು ನೋಟೀಸ್ ಬೋರ್ಡಿನ ಮೇಲೆ ಅವರ ಹೆಸರು ದಪ್ಪಕ್ಷರದಲ್ಲಿ ಹಾಕಿಸ್ತೀನಿ."

ದಿನಾ ಸಂಜೆ ಎಂದ ಕೂಡಲೆ ನನಗೆ ಹೊಳೆದದ್ದು ಒಬ್ಬರೇ. ಮನೆಗೆ ಹೋದವಳೇ ಅಪ್ಪನನ್ನು ಹಿಡಿದೆ. "ರಿಸೆಟ್ ಒತ್ತುತ್ತಿರೋದು ನೀವೇನಾ?"

ಅಪ್ಪ ಪೇಪರ್ ಕೆಳಗಿಟ್ಟರು. ಅವರ ಮುಖ ನೋಡಿಯೇ ಕೇಳಬಾರದಿತ್ತು ಎನಿಸಿತು. "ಸಂಘದ ಸಾಮಾನು ಹಾಳು ಮಾಡ್ತೀನಾ ನಾನು? ಪರರ ಒಂದು ರಬ್ಬರ್ ಮುಟ್ಟಿದವನಲ್ಲ ಕಣೇ ನಾನು!" ಎಂದು ಎದ್ದು ವಾಕಿಂಗ್ ಹೊರಟರು. ನಾನು ಚಪ್ಪಲಿ ಮೆಟ್ಟಿಕೊಂಡು ತಪ್ಪಾಯಿತು ತಪ್ಪಾಯಿತು ಎನ್ನುತ್ತ ಅವರ ಹಿಂದೆಯೇ ಇಳಿದೆ. ಬೀದಿಯ ಕೊನೆಯವರೆಗೂ ಅವರು ಮುಂದೆ, ನಾನು ಹಿಂದೆ. ಹಿಂದಿರುಗಿ ಬರುವಾಗ ಪಕ್ಕದಲ್ಲಿ ನಡೆಯಲು ಬಿಟ್ಟರು.

ಕೆಳಗೆ ಬಂದು ಲಿಫ್ಟಿಗೆ ಕಾಯುತ್ತ ನಿಂತೆವು. ತರಕಾರಿ ಚೀಲ ಹಿಡಿದು ಕಾರ್ಯದರ್ಶಿಯೂ ಬಂದು ನಮ್ಮ ಹಿಂದೆ ನಿಂತರು. ಲಿಫ್ಟ್ ಇಳಿದು ಬಂದು ಬಾಗಿಲು ತೆರೆಯಿತು.

ಒಳಗೆ ಆಂಟಿ ಇದ್ದರು. ಗುಂಡಿಗಳ ಮುಂದೆ ಅರ್ಧ ಬಗ್ಗಿ, ತಲೆಯೆತ್ತಿ ಪರದೆಯನ್ನು ನೋಡುತ್ತಿದ್ದರು. ಬಾಯಿ ತುಸು ತೆರೆದಿತ್ತು. ಕೈಯಲ್ಲಿ ಕನ್ನಡಕದ ಸ್ಕ್ರೂ ತಿರುಗಿಸುವ, ಬೆಂಕಿಕಡ್ಡಿಗಿಂತ ಸಣ್ಣ ಸ್ಕ್ರೂಡ್ರೈವರ್. ಅವರ ನೆತ್ತಿಯ ಮೇಲೆ, ನಾನೇ ಆರಿಸಿದ್ದ ಎದ್ದು ಕಾಣುವ ಅಕ್ಷರಗಳಲ್ಲಿ, ನನ್ನ ಡ್ರೈವರ್ ಎಲ್ಲವನ್ನೂ ಸಾರುತ್ತಿತ್ತು: ರಿಸೆಟ್ ಗುಂಡಿಯನ್ನು ಯಾರೋ ಒತ್ತಿದ್ದಾರೆ. ದಯವಿಟ್ಟು ಒತ್ತಬೇಡಿ.

ಅಪ್ಪ ಒಂದು ಕ್ಷಣ ನೋಡಿದರು. ಆಮೇಲೆ ದಡದಡನೆ ಒಳಗೆ ನಡೆದು, ಆಂಟಿಗೂ ಬಾಗಿಲಿಗೂ ನಡುವೆ ಗೋಡೆ ಕಟ್ಟಿದ ಹಾಗೆ ನಿಂತುಬಿಟ್ಟರು. ಅಪ್ಪನ ಭುಜ ಅಷ್ಟು ಅಗಲವೆಂದು ನನಗೆ ಗೊತ್ತೇ ಇರಲಿಲ್ಲ.

"ನೋಡಿ, ನೋಡಿ! ಮತ್ತೆ ಒತ್ತಿದ್ದಾರೆ!" ಕಾರ್ಯದರ್ಶಿ ಚೀಲದೊಂದಿಗೆ ಒಳಗೆ ನುಗ್ಗಿದರು. "ಈಗಷ್ಟೇ ಒತ್ತಿರ್ಬೇಕು. ಮೇಡಂ, ನೀವು ಹತ್ತುವಾಗ ಒಳಗೆ ಯಾರಿದ್ರು?"

ಆಂಟಿ ಸ್ಕ್ರೂಡ್ರೈವರನ್ನು ಮುಷ್ಟಿಯೊಳಗೆ ಅಡಗಿಸಿಕೊಂಡರು. ಅಪ್ಪನ ಕಿವಿಗಳು ಕೆಂಪಾದವು.

"ಯಾರೂ ಒತ್ತಿಲ್ಲ ಸಾರ್" ಎಂದೆ ನಾನು. "ಡ್ರೈವರ್ ತಪ್ಪು. ಸುಮ್‌ಸುಮ್ನೆ ಹಾಗೆ ತೋರಿಸ್ತಾ ಇದೆ."

"ಅಂದ್ರೆ? ನಿಮ್ಮ ಪರದೆ ಸುಳ್ಳು ಹೇಳುತ್ತಾ?"

"ಒಂದೊಂದ್ಸಲ ಹೇಳುತ್ತೆ ಸಾರ್."

"ಒಂದು ವಾರದಿಂದ ನಾನು ಕಟ್ಟಡದವರನ್ನೆಲ್ಲ ಅನುಮಾನದಿಂದ ನೋಡ್ತಾ ಇದೀನಲ್ಲಮ್ಮಾ! ದಂತವೈದ್ಯರ ಜೊತೆ ಮಾತು ಬಿಟ್ಟಿದೀನಿ!" ಎಂದು ತಮ್ಮ ಮಹಡಿ ಬರುವವರೆಗೂ ನನ್ನ ನೀರಿಳಿಸಿದರು. ನನ್ನ ಜೀವನದಲ್ಲೇ ನಾನು ಬರೆದ ಅತ್ಯುತ್ತಮ ಡ್ರೈವರನ್ನು ಸುಳ್ಳುಬುರುಕ ಎಂದು ಒಪ್ಪಿಕೊಂಡು, ತಲೆ ತಗ್ಗಿಸಿ, ಹೂಂ ಸಾರ್ ಹೂಂ ಸಾರ್ ಎಂದೆ. ಇಳಿಯುವಾಗ, "ಮಂಚದ ಕೆಳಗಿನ ಡಬ್ಬಿ ನೆನಪಿರ್ಲಿ" ಎಂದು ಹೇಳಿಯೇ ಇಳಿದರು.

ಬಾಗಿಲು ಮುಚ್ಚಿತು. ಲಿಫ್ಟ್ ಏರತೊಡಗಿತು. ಆಂಟಿ ಮುಷ್ಟಿ ಬಿಚ್ಚಿ ಸ್ಕ್ರೂಡ್ರೈವರ್ ನೋಡಿಕೊಂಡರು.

"ಕಾರ್ಯದರ್ಶಿ ಚುಚ್ಚಿದಾಗೆಲ್ಲ ಕಪ್ಪಾಗ್ತಿತ್ತಲ್ಲ, ಅದನ್ನೇ ಮಾಡೋಣ ಅಂದ್ಕೊಂಡೆ" ಎಂದರು, ನನ್ನನ್ನಲ್ಲ, ಅಪ್ಪನ ಬೆನ್ನನ್ನು ನೋಡುತ್ತ. "ನಮ್ಮ ಮಹಡೀಲಿ ಲಿಫ್ಟ್ ನಿಂತಾಗ ಕೈ ಹಾಕಿ ಚುಚ್ಚಿ ಕೆಳಗೆ ಕಳಿಸ್ತಿದ್ದೆ. ಕಪ್ಪಾಗೇ ಹೋಗ್ತಿತ್ತು. ಆದ್ರೂ ನೀವು ಬರ್ಲಿಲ್ಲ. ಕಪ್ಪಾಗಿದ್ದು ಕಪ್ಪಾಗೇ ಇರುತ್ತಾ ನೋಡೋಣ ಅಂತ ಇವತ್ತು ಜೊತೆಗೇ ಇಳಿದು ಬಂದೆ. ಇದು ಹೀಗೆ ಊರಿಗೆಲ್ಲ ಡಂಗುರ ಹೊಡೆಯುತ್ತೆ ಅಂತ ನಂಗೇನ್ ಗೊತ್ತು?"

ಅಪ್ಪ ತಿರುಗಿದರು. "ಕರೆದಿದ್ರೆ ಬರ್ತಿದ್ನಲ್ಲ ಮೇಡಂ."

"ಏನಂತ ಕರೀಲಿ ಮೇಷ್ಟ್ರೇ? ಮಹಡಿ ತಪ್ಪಿ ಬನ್ನಿ ಅಂತ ಕರೆಯೋಕಾಗುತ್ತಾ?" ಸ್ಕ್ರೂಡ್ರೈವರಿನ ತುದಿಯನ್ನು ಅಪ್ಪನ ಕನ್ನಡಕದತ್ತ ತೋರಿಸಿದರು. "ಕಡ್ಡಿ ನೆಟ್ಟಗೆ ಮಾಡಿದ ದಿನ ನಿಮ್ಮ ಕಣ್ಣು ನಾನೇ ಪರೀಕ್ಷೆ ಮಾಡಿದ್ದು. ಬಾಗಿಲ ಮೇಲಿನ ನಂಬರ್ ಕಾಣದ ಕಣ್ಣಲ್ಲ ಅದು. ಎರಡನೇ ಸಲದಿಂದಲೇ ನಂಗೆ ಗೊತ್ತಿತ್ತು."

ನಾನು ಮೂಲೆಗೆ ಒತ್ತಿಕೊಂಡು, ಅಲ್ಲಿ ಇಲ್ಲದವಳಂತೆ ಪರದೆಯನ್ನೇ ನೋಡಿದೆ. ಅಷ್ಟರಲ್ಲಿ ಕಾರ್ಡು ಎದ್ದು, ಫರ್ಮ್‌ವೇರ್ ಚಿಪ್ ಸೇರಿ, ಬಣ್ಣ ಬಂದಿತ್ತು. ಲಿಫ್ಟ್ ನಿಂತಿತು. ಬಾಗಿಲು ತೆರೆಯಿತು. ಕಂದು ಕಾಲೊರಸು, ಅದೇ ಬಣ್ಣದ ಗೋಡೆ. ಅಪ್ಪ ಕತ್ತೆತ್ತಿ ಪರದೆ ನೋಡಿದರು. ಶಾಲೆಗೆ ಮೊದಲ ದಿನ ಬಂದ ಮಗುವಿಗೆ ಬೋರ್ಡಿನ ಮೇಲೆ ತೋರಿಸುವವರ ಹಾಗೆ ಬೆರಳು ಮಾಡಿ, ಗಟ್ಟಿಯಾಗಿ ಓದಿದರು.

"ಐದು."

ಓದಿ, ಇಳಿದರು. ಆಂಟಿಯೂ ಇಳಿದರು. ಬಾಗಿಲು ಮುಚ್ಚುವ ಮೊದಲು ಅಪ್ಪ ನನ್ನತ್ತ ತಿರುಗಿ, "ಊಟಕ್ಕೆ ಕಾಯ್ಬೇಡ, ಬಲಮೂಲೆ ಬಾಕಿ ಇದೆ" ಎಂದರು.

ಏಳನೆಯ ಮಹಡಿಗೆ ಒಬ್ಬಳೇ ಬಂದೆ. ಮನೆ ಖಾಲಿಯಿತ್ತು, ಆದರೆ ಎಷ್ಟೋ ದಿನಗಳ ಮೇಲೆ ಆ ಖಾಲಿ ನನಗೆ ಹಿತವಾಯಿತು. ಪೇಪರ್ ಮಡಚಿಡಲು ಹೋದರೆ ಅದರಡಿಯಲ್ಲಿ ಅಪ್ಪನ ಓದುವ ಕನ್ನಡಕದ ಡಬ್ಬಿ. ಅದಿಲ್ಲದೆ ಆ ಸಣ್ಣ ತುಂಡುಗಳಲ್ಲಿ ಹಸಿರು ಯಾವುದು, ಬೂದಿ ಯಾವುದು ಎಂದು ಅವರಿಗೆ ಹೇಗೆ ಕಾಣಬೇಕು? ಕನ್ನಡಕ ಒಳಗಿದೆಯೇ ಎಂದು ಡಬ್ಬಿ ತೆರೆದೆ. ಇತ್ತು. ಅದರ ಪಕ್ಕದಲ್ಲಿ, ಗಾಜು ಒರೆಸುವ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟ ಒಂದು ನೀಲಿ ತುಂಡೂ ಇತ್ತು.

ಪರರ ರಬ್ಬರನ್ನೂ ಮುಟ್ಟದ ನನ್ನ ಅಪ್ಪ! ಎಂದಾದರೂ ಒಂದು ದಿನ, ತಪ್ಪುವ ದಾರಿ ಮುಚ್ಚಿಹೋದರೆ, ಇದನ್ನು ಹಿಂದಿರುಗಿಸಲು ಬಂದೆ ಎನ್ನಲಾದರೂ ಆಗಲಿ ಎಂದು ಆಕಾಶದ ಒಂದು ಚೂರನ್ನು ಕದ್ದಿಟ್ಟುಕೊಂಡಿದ್ದರು. ಕದ್ದವರು, ಅದನ್ನು ಬಳಸುವ ಧೈರ್ಯವಿಲ್ಲದೆ ದಿನವೂ ಪೇಪರಿನ ಕೆಳಗೆ ಇಟ್ಟು ಕೂತಿದ್ದರು. ನಾನು ಅಲ್ಲೇ ನಿಂತು ನಕ್ಕೆ. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿಕೊಂಡವು, ಒರೆಸಿಕೊಂಡೆ.

ಡಬ್ಬಿ ಮುಚ್ಚಿ ಲಿಫ್ಟಿಗೆ ಬಂದೆ. ಐದು ಒತ್ತಿದೆ. ಪರದೆ ಐದು ಎಂದಿತು, ಇಳಿದೆ. ಕರೆಗಂಟೆ ಒತ್ತಿದೆ. ಒಳಗಿನಿಂದ ಸೀಟಿಯ ಸದ್ದು ಹತ್ತಿರ ಬಂದು, ಬಾಗಿಲು ತೆರೆದವರು ಅಪ್ಪ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನೇ, ಮಹಡಿ ತಪ್ಪಿ ಬಂದ್ಯಾ?"

"ಇಲ್ಲಪ್ಪಾ, ನೋಡ್ಕೊಂಡೇ ಬಂದೆ" ಎಂದು ಡಬ್ಬಿಯನ್ನು ಅವರ ಕೈಗಿಟ್ಟೆ. ಅಪ್ಪ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, ಮೆಲ್ಲಗೆ ಅದನ್ನು ಜೇಬಿಗೆ ಇಳಿಬಿಟ್ಟರು.

ಒಳಗಿನಿಂದ ಆಂಟಿಯ ದನಿ ಬಂತು. "ಮೇಷ್ಟ್ರೇ, ಮಗಳನ್ನೂ ಒಳಗೆ ಕರೀರಿ. ಹಾಗೇ ನನ್ನ ತುಂಡು ತಂದಿದ್ರೆ ಕೊಟ್ಬಿಡಿ."